ಸ್ಪೀಕರವ್ವನ ವಾರ ಯಾವ್ದು?

ದೆವ್ವ ಬಂದ್ರ ಬೇವಿನ ತಪ್ಪಲದಿಂದ ಬಡದು ಓಡಿಸಬಹುದು. ಮಗ ಸ್ಪೀಕರ್ ತಂದ್ರ ಏನು ಮಾಡೂದು? ನಮ್ಮ ಚಿತ್ತವಾಡ್ಗಿ ಮನ್ಯಾಗ ಇಂಥವು ಒಂದಾದ ಮ್ಯಾಲ ಒಂದು ಆಗ್ತಾನೇ ಇರ್ತಾವು.

ಆಗ ಗಣಿ ಭಾಳ ಜೋರಿದ್ದ ಕಾಲ. ಮಗ ಸಂಡೂರಿನ ಗಣಿಯಾಗ ಸೂಪರ್‌ವೈಸರ್. ಒಂದಿನ ಅಂಗಡಿಯಿಂದ ಎರಡು ಜೋಡಿ ಸಣ್ಣ ಸ್ಪೀಕರ್ ಹೊತ್ಕೊಂಡು ಬಂದ. ಒಂದು ಕರೀ ಜೋಡಿ, ಇನ್ನೊಂದು ಕಟಗಿ ಬಣ್ಣದ್ದು. ಎರಡೂ ಕೇಳಿ ನೋಡಿ, ಒಂದು ಇಟ್ಕೊಂಡು, ಇನ್ನೊಂದನ್ನ ಸಂಜಿಗೆ ವಾಪಸ್ ಕೊಡಬೇಕು. ಮಗನಿಗೆ ಬಾಸ್, ಅಂದ್ರ ಎದಿ ಗುದ್ದೋ ದಪ್ಪ ಸದ್ದು ಬೇಕಿತ್ತು. ನನಗ ನಮ್ಮ ಮನಿಯವರ ದನಿ ಬೇಕಿತ್ತು. ಅವರು ತೀರಿಕೊಂಡ ಮ್ಯಾಲ ಉಳಿದಿದ್ದು ಅವರು ದಾಸರ ಪದ ಹಾಡಿದ ಒಂದೇ ಒಂದು ಕ್ಯಾಸೆಟ್. ಹಳೇ ಟೇಪ್‌ನ್ಯಾಗ ಅದು ಡಬ್ಬಿಯೊಳಗ ಸೊಳ್ಳಿ ಸಿಕ್ಕಂಗ ಕೇಳ್ತಿತ್ತು. ಅವರ ಖರೇ ದನಿ ನನಗ ಮರೀತಾ ಬಂದಿತ್ತು. ಅದೇ ನನ್ನ ಭಯ.

ಗ್ವಾಡ್ಯಾಗ ಯಾರು?

"ಇವು ಬುಕ್‌ಶೆಲ್ಫ್ ಸ್ಪೀಕರ್ ಅವ್ವಾ, ಪುಸ್ತಕದ ಕಪಾಟಿನ್ಯಾಗ ಇಡಬೇಕು" ಅಂದ ಮಗ.

ನಮ್ಮನ್ಯಾಗ ಪುಸ್ತಕ ಅಂದ್ರ ಪಂಚಾಂಗ ಒಂದೇ. ಅದೂ ಮೊಳಿಗೆ ನೇತಾಡ್ತಿತ್ತು. ಹಂಗಾಗಿ ಕರೀ ಜೋಡಿನ ಗ್ವಾಡಿಯ ದೀಪದ ಗೂಡಿನ್ಯಾಗ ತುರುಕಿದ. ಟೇಪಿಗೆ ವೈರ್ ಜೋಡಿಸಿ ಕ್ಯಾಸೆಟ್ ಹಾಕಿದ್ರ ಹಾಳುಬಾವಿಯೊಳಗಿಂದ ಯಾರೋ ನರಳಿದಂಗ ಬಂತು. ಅದು ಅವರ ದನಿ ಅಲ್ಲವೇ ಅಲ್ಲ.

ಹೆಪ್ಪು ಕೇಳಾಕ ಬಂದ ಮಗ್ಗಲ ಮನಿಯಾಕಿ ಹೊಸ್ತಿಲದಾಗೇ ನಿಂತ್ಲು. "ಗ್ವಾಡ್ಯಾಗ ಯಾರದಾರ್ರಿ ದೊಡ್ಡವ್ವಾ?"

"ಸ್ಪೀಕರ್ ಐತ್ರಿ" ಅಂದ್ಲು ನನ್ನ ಸೊಸಿ.

ಆಕಿ ಚಪ್ಪಲಿ ಬಿಟ್ಟು ಕೈ ಮುಗುದ್ಲು. "ಸ್ಪೀಕರವ್ವನ ವಾರ ಯಾವ್ದ್ರಿ? ಮಂಗಳವಾರಾನೋ, ಶುಕ್ರವಾರಾನೋ?"

ಬಾಸ್ ಅಂದ್ರ ಇದು

ಮಗ ಬಿಡಲಿಲ್ಲ. ಸಿನಿಮಾ ಹಾಡು ಹಾಕಿ ಕಣ್ಣು ಮುಚ್ಚಿ ಕುಂತ. ನಡುವ ಹಾಡು ಗಪ್ಪಾತು. ಮನಿಯೆಲ್ಲಾ ಸ್ಮಶಾನದಂಗ. ಆಮ್ಯಾಲ ಧಡ್! ಗೂಡು ನಡುಗಿತು, ಅಡಗಿ ಮನಿಯಾಗ ತಾಟು ತಾನಾಗೇ ಬಿದ್ದು ಗಿರಗಿರ ತಿರುಗಿತು, ಬೆಕ್ಕು ಬಾಲ ಉಬ್ಬಿಸಿ ಓಡ್ತು.

"ಮಸ್ತ್! ಬಾಸ್ ಅಂದ್ರ ಇದು! ಕರೀ ಜೋಡೀನೇ ಇಟ್ಕೊಳ್ಳೋಣ" ಅಂದ.

"ಲೇ, ಕಣ್ಣು ತೆಗಿ. ಕರೆಂಟ್ ಹೋಗೈತಿ. ಅದು ಅದಿರಿನ ಲಾರಿ ಗುಂಡಿಗೆ ಬಿದ್ದ ಬಾಸ್" ಅಂದೆ ನಾನು.

ಖಾಲಿ ಕುರ್ಚಿ

ಕರೆಂಟ್ ಬಂತು. ಕಟಗಿ ಬಣ್ಣದ ಜೋಡಿನ ಸೊಸಿ ಗೂಡಿಗೆ ಹಾಕಲಿಲ್ಲ. ಗ್ವಾಡಿ ಬಿಟ್ಟು ಎರಡು ಸ್ಟೂಲ್ ಮ್ಯಾಲ ಆ ಕಡೆ ಒಂದು, ಈ ಕಡೆ ಒಂದು ಇಟ್ಲು. ನಡುವ ಇದ್ದದ್ದು ನಮ್ಮ ಮನಿಯವರ ಕುರ್ಚಿ.

ಅದೇ ಕ್ಯಾಸೆಟ್ ತಿರುಗಿತು. ದನಿ ಎಡಗಡೆ ಪೆಟ್ಟಿಗಿಯಿಂದ ಬರಲಿಲ್ಲ, ಬಲಗಡೆಯಿಂದಲೂ ಬರಲಿಲ್ಲ. ಖಾಲಿ ಕುರ್ಚಿಯಿಂದ ಬಂತು. ಮೊದಲು ಉಸಿರು. ಆಮ್ಯಾಲ ಅವರದೇ ಕೆಮ್ಮು. ನನಗ ಗೊತ್ತಿಲ್ಲದಂಗ ತಲಿ ಮ್ಯಾಲ ಸೆರಗು ಎಳಕೊಂಡೆ.

"ಅತ್ತೀ, ಮಾವಾರು..." ಅಂತ ಸೊಸಿ ಎದ್ದು ನಿಂತ್ಲು.

ಪದ ಶುರುವಾತು. ಅಂದು ಹಾಡುವಾಗ ಅವರು ನಡುವ ನಿಲ್ಲಿಸಿ ಗದರಿದ್ದೂ ಅದರಾಗ ಇತ್ತು: "ಲೇ, ಬಾಗ್ಲಾ ಹಾಕಲೇ! ಕೆಂಪು ಧೂಳು ಬರಾಕತ್ತೈತಿ!"

ಕಾಲ ಮ್ಯಾಲ ಕಾಲು ಹಾಕಿ ಕುಂತಿದ್ದ ಮಗ ದಿಗ್ಗನೆ ಎದ್ದ. "ಹಾಕ್ತೀನಪಾ, ಹಾಕ್ತೀನಿ!" ಅಂತ ಓಡಿ ಬಾಗ್ಲಾ ಹಾಕಿದ. ಅಗಳಿ ಮ್ಯಾಲ ಕೈ ಇಟ್ಟಾಗ ಅಪ್ಪ ಇಲ್ಲ ಅನ್ನೋದು ನೆನಪಾತೇನೋ, ತಿರುಗಿ ಕುರ್ಚಿ ನೋಡಿದ. "ಅವ್ವಾ... ಈಗ ಹೇಳಿದ್ದು ಯಾರು?"

ಕಣ್ಣು ಒರೆಸಿಕೊಂಡು ಅಂದೆ: "ಈ ಜೋಡೀನೇ ಇರಲಿ ಬಿಡಲೇ. ನಿಮ್ಮಪ್ಪ ಬದುಕಿದ್ದಾಗ ಒಂದಿನಾನೂ ಅವರ ಮಾತು ಕೇಳಿದಾಂವಲ್ಲ ನೀನು!"