ಆಚಾರ್ಯರ ನಿರ್ಜಲ ಏಕಾದಶಿ

ಅಂಗವಸ್ತ್ರ ಗೇರಿಗೆ ಸಿಕ್ಕಿಕೊಂಡಿತು, ಅದಕ್ಕೇ ಕಾರು ಓಲಾಡಿತು ಎಂದರು ಟೆಕ್ಸಸ್ಸಿನ ಕ್ಯಾರಲ್ಟನ್ ಮಠದ ಪುರೋಹಿತರಾದ ರಘೂತ್ತಮಾಚಾರ್ಯರು. ಲೂಯಿಸ್‌ವಿಲ್ ದಾರಿಯಲ್ಲಿ ತಡೆದ ಪೊಲೀಸಿಗೆ ಅಂಗವಸ್ತ್ರವೆಂದರೆ ಏನು ಗೊತ್ತು, ಪಾಪ? ಪಂಚೆಯುಟ್ಟ ಆಚಾರ್ಯರನ್ನು ಕೆಳಗಿಳಿಸಿ, ಕುಡಿದಿದ್ದಾರೋ ಎಂದು ನೋಡಲು ರಸ್ತೆಯಂಚಿನ ಬಿಳಿಗೆರೆಯ ಮೇಲೆ ನಡೆಸಿದ.

ಆಗಲೇ ಮಠದ ಕಮಿಟಿಯ ಅನುಸೂಯಾ ಆಂಟಿಯ ವ್ಯಾನು ಅಲ್ಲಿ ಹಾಯಬೇಕೇ? ನಿಲ್ಲಿಸಿ ವಿಚಾರಿಸಲು ಆಂಟಿಗೆ ಪುರುಸೊತ್ತಿರಲಿಲ್ಲ, ಸೆಲ್‌ಫೋನಿನಲ್ಲಿ ಊರಿಗೆಲ್ಲ ಹೇಳಲು ಬೇಕಾದಷ್ಟಿತ್ತು. ಆಚಾರ್ಯರು ಕ್ಯಾರಲ್ಟನ್ ತಲುಪುವ ಮೊದಲೇ, ಅವರು ಕುಡಿದು ಸಿಕ್ಕಿಬಿದ್ದ ಸುದ್ದಿ ಈಮೇಲಿನಲ್ಲಿ ಆಸ್ಟಿನ್, ಹ್ಯೂಸ್ಟನ್ ಸುತ್ತಿಕೊಂಡು ವಾಪಸು ಬಂದಿತ್ತು.

ಅದೂ ಎಂಥ ದಿನ! ನಿರ್ಜಲ ಏಕಾದಶಿ. ಹನಿ ನೀರು ಮುಟ್ಟಿದರೂ ನರಕವೆಂದು ಪ್ರವಚನ ಮಾಡಿ ಮಾಡಿ, ಟೆಕ್ಸಸ್ಸಿನ ಜೂನ್ ಬಿಸಿಲಲ್ಲಿ ಇಡೀ ಕ್ಯಾರಲ್ಟನ್ನಿನ ಗಂಟಲು ಒಣಗಿಸಿದ್ದವರೇ ಈ ಮಹಾನುಭಾವರು.

ಸಂಜೆ ಮಠದ ಹಾಲಿನಲ್ಲಿ ಕಮಿಟಿ ಸೇರಿತು. ಆಚಾರ್ಯರನ್ನು ಇಟ್ಟುಕೊಳ್ಳುವುದೋ, ಬೆಂಗಳೂರಿನ ವಿಮಾನ ಹತ್ತಿಸುವುದೋ? ಕಮಿಟಿಯ ಮಹನೀಯರ ಮನೆಗಳ ಫ್ರಿಜ್ಜಿನಲ್ಲೂ ಮೊಸರಿಗಿಂತ ಬಿಯರೇ ಜಾಸ್ತಿ. ಹಾಗಾಗಿ ಅಧ್ಯಕ್ಷ ಜಯಂತ ಆಚಾರ್ಯರನ್ನು ಪಕ್ಕಕ್ಕೆ ಕರೆದ.

"ಬಿಸಿಲು ನೋಡಿ ಆಚಾರ್ರೇ, ಆಗುತ್ತೆ. ಒಂದ್ಸಲ ತಪ್ಪಾಯ್ತು ಅಂದ್ಬಿಡಿ, ಇಲ್ಲಿಗೇ ಮುಗಿಸೋಣ."

ಆಚಾರ್ಯರಿಗೆ ಮೈಯೆಲ್ಲ ಉರಿದುಹೋಯಿತು. "ಯಾಕ್ರೀ ಅನ್ಲಿ? ಬೆಳಗ್ಗಿಂದ ನೀರೂ ಕುಡಿದಿಲ್ಲ ನಾನು. ಆ ಪೊಲೀಸನ್ನೇ ಕೇಳಿ" ಎಂದು ಅವನು ಕೊಟ್ಟಿದ್ದ ಕಾರ್ಡು ಚಾಚಿದರು. ಜಯಂತ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಫೋನ್ ಮಾಡಿದ.

ಪೊಲೀಸು ದೇವರಂಥ ಮನುಷ್ಯ. ಆಚಾರ್ಯರು ಒಂದು ತೊಟ್ಟೂ ಕುಡಿದಿರಲಿಲ್ಲವೆಂದು ಇಂಗ್ಲಿಷಿನಲ್ಲಿ ಸಾರಿ ಹೇಳಿದ. ಆಚಾರ್ಯರು ಗದ್ದ ಎತ್ತಿ ಅನುಸೂಯಾ ಆಂಟಿಯತ್ತ ನೋಡಿದರು. ಅವನು ಅಲ್ಲಿಗೇ ಫೋನಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದರು. ಇಡಲಿಲ್ಲ. ಎರಡೂ ಕೈಯಲ್ಲಿ ತಿಂಡಿ ಹಿಡಿದು ಮೊಣಕಾಲಲ್ಲಿ ಸ್ಟಿಯರಿಂಗ್ ತಿರುಗಿಸುತ್ತಿದ್ದರು, ತಪ್ಪು ಅಷ್ಟೇ ಎಂದ. ಎಂಥ ತಿಂಡಿ ಎಂದು ಜಯಂತ ಕೇಳಿದ. ಹಳದಿ ಉಂಡೆ, ಎಣ್ಣೆಯಲ್ಲಿ ಕರಿದದ್ದು, ಒಳಗೆ ಆಲೂಗಡ್ಡೆ, ಈರುಳ್ಳಿ. ತನಗೂ ಎರಡು ಕೊಟ್ಟರು, ಬಹಳ ರುಚಿಯಾಗಿತ್ತು ಎಂದು ಹೊಗಳಿದ.

ಬೆಳಗಿನಿಂದ ತುಟಿಯನ್ನೂ ಒದ್ದೆ ಮಾಡಿಕೊಳ್ಳದೆ, ತಲೆಸುತ್ತಿ ಗೋಡೆಗೊರಗಿದ್ದ ಅನುಸೂಯಾ ಆಂಟಿ ಮೆಲ್ಲನೆ ಎದ್ದು ನಿಂತರು.

"ಕುಡಿದಿದ್ರೂ ಕ್ಷಮಿಸ್ತಿದ್ವಿ ಆಚಾರ್ರೇ. ಏಕಾದಶಿ ದಿನ ಬೋಂಡಾ ತಿಂದ್ರಲ್ಲ."

ಯಾವ ವಿಷಯಕ್ಕೂ ಒಮ್ಮತಕ್ಕೆ ಬಾರದ ಕಮಿಟಿ ಅಂದು ಒಂದೇ ದನಿಯಲ್ಲಿ ವಿಮಾನದ ಟಿಕೆಟ್ಟಿಗೆ ಕೈಯೆತ್ತಿತು.

ಮರುದಿನ ಆಚಾರ್ಯರು ಪೆಟ್ಟಿಗೆ ಕಟ್ಟುತ್ತಿದ್ದಾಗ ಫೋನು ಬಡಿದುಕೊಂಡಿತು. ಆಸ್ಟಿನ್ನಿನಿಂದ ಯಾರೋ ದುಷ್ಯಂತ್ ಅಂತೆ. ಅಷ್ಟು ದೂರದಲ್ಲೂ ತಮ್ಮನ್ನು ನಂಬುವ ಒಬ್ಬ ಶಿಷ್ಯನಿದ್ದಾನಲ್ಲ ಎಂದು ಅವರ ಕಣ್ಣು ತುಂಬಿ ಬಂತು.

"ಬೋಂಡಾಚಾರ್ರಾ? ಭಾನುವಾರ ನಮ್ಮನೇಲಿ ಬಿಯರ್ ಪಾರ್ಟಿ. ನೆಂಚ್ಕೊಳ್ಳೋಕೆ ಒಂದು ನೂರು ಮಾಡ್ಕೊಡ್ತೀರಾ?"