ರಾಯಲ್ಪಾಡಿನ ಜಗಲಿಯಿಂದ ಇಟಲಿಗೆ

ಊರೂರು ಸುತ್ತಿ ಬಂದವರಿಗಿಂತ ಮನೆ ಬಿಟ್ಟು ಕದಲದವರೇ ಪ್ರವಾಸದ ಮಾತನ್ನು ಚೆನ್ನಾಗಿ ಆಡುತ್ತಾರೆಂಬುದು ನನ್ನ ಅನುಭವ. ಹೋಗಿಬಂದವನಿಗೆ ಕಾಲುನೋವು, ಹೊಟ್ಟೆಯ ಉಬ್ಬರ, ಕಳೆದುಹೋದ ಚೊಂಬು ಇಷ್ಟೇ ನೆನಪಿರುತ್ತದೆ. ಹೋಗದವನಿಗೆ ಅಂಥ ಅಡ್ಡಿಗಳಿಲ್ಲ. ನನ್ನನ್ನೇ ನೋಡಿ. ಈ ಕಡೆ ಮುಳಬಾಗಿಲು, ಆ ಕಡೆ ಮಾಲೂರು, ಇವೆರಡನ್ನು ದಾಟಿ ನಾನು ಕಾಲಿಟ್ಟವನಲ್ಲ. ಸಮುದ್ರದ ಮಾತಿರಲಿ, ನಮ್ಮೂರ ಕೆರೆಗೂ ಮೊಣಕಾಲಿನ ತನಕ ಮಾತ್ರ ಇಳಿದವನು. ಆದರೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡು ವರ್ಷ ಇಟಲಿ ದೇಶದ ಪುರಾತನ ಪಟ್ಟಣಗಳನ್ನೂ ಕಡಲತಡಿಯ ಊರುಗಳನ್ನೂ ಒಂದೂ ಬಿಡದೆ ಸುತ್ತಿದ್ದೇನೆ, ರಾಯಲ್ಪಾಡಿನ ಶಾಲೆಯ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು.

ನಾನು ಅಲ್ಲಿ ಮೇಷ್ಟ್ರು. ಆಗೆಲ್ಲ ಹಳ್ಳಿಯ ಮೇಷ್ಟ್ರೇ ಟಪಾಲಿನವನೂ ಹೌದು. ಶ್ರೀನಿವಾಸಪುರದಿಂದ, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಕೆಮ್ಮುತ್ತಾ ಬಂದು ಚೀಲ ಎಸೆದು ಹೋದರೆ, ಕಾಗದ ಹಂಚುವುದು, ಓದು ಬಾರದವರಿಗೆ ಓದಿ ಹೇಳುವುದು, ಸುದ್ದಿ ಕೆಟ್ಟದಿದ್ದರೆ ನೀರು ತರಿಸಿ ಕುಡಿಸುವುದು, ಎಲ್ಲವೂ ನನ್ನ ಪಾಲಿನ ಕೆಲಸ. ನನ್ನ ಹತ್ತಿರ ಓದಿಸಿಕೊಳ್ಳಲು ಬರುತ್ತಿದ್ದವರಲ್ಲಿ ಮುನಿಯಮ್ಮ ಒಬ್ಬಳು. ಗಂಡ ತೀರಿಕೊಂಡಿದ್ದ. ಇದ್ದ ಒಬ್ಬನೇ ಮಗ ಪಾಪಣ್ಣ ಮದುವೆಮನೆಗಳಲ್ಲಿ ಅಡುಗೆ ಮಾಡಿಕೊಂಡಿದ್ದವನು, ಸೈನ್ಯದಲ್ಲೂ ಅಡುಗೆಯೇ ತಾನೆ ಎಂದು ಸೇರಿ, ಹಡಗು ಹತ್ತಿ ಹೋಗಿಬಿಟ್ಟಿದ್ದ.

ಅವನ ಮೊದಲ ಕಾಗದ ಬಂದ ದಿನ ಮುನಿಯಮ್ಮ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಗೆದ ಸೀರೆಯುಟ್ಟು, ಕಥೆ ಕೇಳಲು ಬಂದವಳ ಹಾಗೆ ಕೈಮುಗಿದು ಕೂತಳು. ನಾನು ಒಡೆದು ಓದಿದೆ. 'ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆಸು. ಇಲ್ಲಿ ಚಳಿ. ಇಲ್ಲಿಯವರು ಶ್ಯಾವಿಗೆಗೆ ಬೆಲ್ಲ ಹಾಕದೆ ತಿನ್ನುತ್ತಾರೆ.' ಮುಗಿಯಿತು. ಊರಿನ ಹೆಸರಿದ್ದ ಕಡೆ ಸೈನ್ಯದವರು ಮಸಿ ಬಳಿದಿದ್ದರು.

"ಅಷ್ಟೇನಾ ಅಯ್ಯವಾರೇ?" ಎಂದಳು.

ಎಣ್ಣೆ ಹಚ್ಚಿದ ತಲೆ, ಮುಗಿದ ಕೈ, ನಾಲ್ಕೇ ಸಾಲು! "ಇನ್ನೂ ಐತೆ, ಕೂತ್ಕೊಳಮ್ಮ" ಎಂದು ನನ್ನ ನಾಲಿಗೆ ನನ್ನನ್ನು ಕೇಳದೆಯೇ ಹೇಳಿಬಿಟ್ಟಿತು. ಬೆಲ್ಲವಿಲ್ಲದ ಶ್ಯಾವಿಗೆ ತಿನ್ನುವವರು ಇಟಲಿಯವರೆಂದು ಎಲ್ಲೋ ಓದಿದ್ದೆ. ಭೂಗೋಳದ ಪುಸ್ತಕವಿತ್ತು, ಯಾರೋ ಸಾಹುಕಾರರು ಶಾಲೆಗೆ ಕೊಟ್ಟ ಹಳೆಯ ಚಿತ್ರಪತ್ರಿಕೆಗಳ ಕಟ್ಟಿತ್ತು. ಇನ್ನೇನು ಬೇಕು? ಅವತ್ತೇ ಪಾಪಣ್ಣನನ್ನು ರೋಮಿಗೆ ಕರೆದೊಯ್ದೆ.

ನಮ್ಮ ಮುನಿಯಮ್ಮನಂಥ ಪ್ರವಾಸಿ ಇನ್ನೊಬ್ಬರಿಲ್ಲ. ರೋಮಿನ ಪಾಳುಬಿದ್ದ ದೊಡ್ಡ ಅಖಾಡವನ್ನು ನಾನು ವರ್ಣಿಸಿದರೆ, "ಅಷ್ಟು ದೊಡ್ಡ ಕಟ್ಟಡ, ಯಾರಾನ ಒಂದ್ ಕೈ ಸುಣ್ಣ ಹೊಡೀಬಾರ್ದಾ?" ಎಂದಳು. ಮುಂದಿನ ಕಾಗದಕ್ಕೆ ಪೀಸಾದ ವಾಲಿದ ಗೋಪುರಕ್ಕೆ ಬಂದಾಗ, ಕಟ್ಟಿದ ಮೇಸ್ತ್ರಿಯನ್ನು ಊರಿನವರು ಸುಮ್ಮನೆ ಬಿಟ್ಟರೇ ಎಂದು ವಿಚಾರಿಸಿದಳು. ವೆನಿಸ್ಸಿನಲ್ಲಿ ಬೀದಿಯೆಲ್ಲ ನೀರು, ಪಕ್ಕದ ಮನೆಗೂ ದೋಣಿಯಲ್ಲೇ ಹೋಗಬೇಕು ಎಂದಾಗ ಬಹಳ ಹೊತ್ತು ಯೋಚಿಸಿ, "ಹಂಗಾದ್ರೆ ಬಾಗಿಲ ಮುಂದೆ ರಂಗೋಲಿ ಎಲ್ಲಿ ಹಾಕ್ತಾರೆ ಅಯ್ಯವಾರೇ?" ಎಂದು ಕೇಳಿದಳು. ಯಾವ ಭೂಗೋಳದ ಪುಸ್ತಕದಲ್ಲೂ ಇದಕ್ಕೆ ಉತ್ತರವಿಲ್ಲ. "ಹೊಸ್ತಿಲ ಮೇಲೇ ಹಾಕ್ಕೋತಾರಂತೆ" ಎಂದೆ. ಪಾಪ, ಆ ಹೆಂಗಸರು ಎಂದು ಮರುಗಿದಳು.

ಸುಳ್ಳು ಹೇಳುವವನಿಗೆ ಜ್ಞಾಪಕಶಕ್ತಿ ಇರಬೇಕು. ನನಗೆ ಅದು ಮೊದಲಿಂದಲೂ ಕಡಿಮೆ. "ಹೋದ ಕಾಗದ ಇನ್ನೊಂದ್ಸಲ ಓದಿ" ಎಂದರೆ ಹೋದ ಸಲ ಏನು ಹೇಳಿದ್ದೆನೆಂದು ತಡಕಾಡುತ್ತಿದ್ದೆ. ಕಡೆಗೆ ಒಂದು ಗುಟ್ಟಿನ ನೋಟುಪುಸ್ತಕ ಮಾಡಿ, ಯಾವ ಊರಿನಲ್ಲಿ ಪಾಪಣ್ಣ ಏನು ನೋಡಿದ, ಏನು ತಿಂದ ಎಂದು ಬರೆದಿಟ್ಟುಕೊಂಡೆ. "ಸಾಲೆ ಹಾಜರಿ ಪುಸ್ತಕಾನೂ ಇಷ್ಟು ಸರಿಯಾಗಿ ಬರೀಲಿಲ್ಲ ನೀವು" ಎಂದು ನನ್ನಾಕೆ ಅಡುಗೆಮನೆಯಿಂದ ಹಂಗಿಸಿದಳು. ಒಮ್ಮೆ ಮಾತ್ರ ಎಡವಿದೆ. ನೇಪಲ್ಸಿನ ಸೊಬಗು ಹೇಳುವ ಭರದಲ್ಲಿ ಊರ ಪಕ್ಕದ ಬೆಂಕಿಯುಗುಳುವ ಬೆಟ್ಟವನ್ನೂ ಸೇರಿಸಿಬಿಟ್ಟೆ. ಮುನಿಯಮ್ಮ ಆ ದಿನ ಮುದ್ದೆ ಮುಟ್ಟಲಿಲ್ಲವಂತೆ. ಮರುದಿನ ಬೆಳಿಗ್ಗೆಯೇ ಅವಳ ಮನೆಗೆ ಓಡಿ, ಕಾಗದದ ಹಿಂದುಗಡೆ ಎರಡು ಸಾಲು ನೋಡಿರಲಿಲ್ಲವೆಂದು ಬೊಗಳೆ ಬಿಟ್ಟು, ಪಾಪಣ್ಣನನ್ನು ಬೆಟ್ಟದಿಂದ ದೂರ ಕಡಲತಡಿಯ ಒಂದು ಪುಟ್ಟ ಊರಿಗೆ ಸಾಗಿಸಿದೆ. ಅಲ್ಲಿ ಬಣ್ಣಬಣ್ಣದ ಮನೆಗಳು, ನಿಂಬೆತೋಟ, ಬಲೆ ಒಣಗಿಸುವ ಬೆಸ್ತರು. ಗುಡುಗು ಕೂಡ ಇಲ್ಲ.

ಆಮೇಲೆ ಕಾಗದ ಬರುವುದು ನಿಂತುಹೋಯಿತು. ಒಂದು ತಿಂಗಳು, ಎರಡು ತಿಂಗಳು, ನಾಲ್ಕು ತಿಂಗಳು. ಬಸ್ಸಿನ ಕೆಮ್ಮು ಕೇಳಿದರೆ ನನಗೆ ಕೈಕಾಲು ತಣ್ಣಗಾಗುತ್ತಿತ್ತು. ಕಾಗದವಿಲ್ಲದಿದ್ದರೂ ಕಷ್ಟ. ಸರಕಾರದ ತಂತಿಯೇನಾದರೂ ಬಂದಿದ್ದರೆ ಅದನ್ನು ಓದಿ ಹೇಳಬೇಕಾದವನೂ ನಾನೇ. ಅದರಲ್ಲಿ ಸೇರಿಸಿ ಹೇಳಲು ಏನಿರುತ್ತದೆ? ಮುನಿಯಮ್ಮ ದಿನವೂ ಬಂದು ಕೂರುತ್ತಿದ್ದಳು. ಗುಡಿಸಲಿನಲ್ಲಿ ಗೆದ್ದಲೆಂದು ಕಾಗದಗಳನ್ನು ನನ್ನ ಪೆಟ್ಟಿಗೆಯಲ್ಲೇ ಇಡಿಸಿದ್ದಳು. ಒಂದು ದಿನ ತಡೆಯಲಾರದೆ ಹಳೆಯದೊಂದನ್ನು ತೆಗೆದು "ಬಂತಮ್ಮ" ಎಂದೆ. ಎರಡು ವಾರಕ್ಕೊಮ್ಮೆ ಹೀಗೇ ನಡೆಯಿತು. ಜಿನೋವ, ಬಾರಿ ಎಂಬ ಪಟ್ಟಣಗಳು, ದಾರಿಯಲ್ಲಿ ಸಿಕ್ಕ ಕಡಲೂರುಗಳನ್ನೆಲ್ಲ ತೋರಿಸಿದೆ. ಬದುಕಿದ್ದಾನೋ ಇಲ್ಲವೋ ತಿಳಿಯದ ಮಗನಿಂದ ತಾಯಿಗೆ ನಿಂಬೆಹಣ್ಣಿನ ವರ್ಣನೆ ಹೇಳಿಸುತ್ತಿದ್ದೇನಲ್ಲ, ನನಗೆ ಯಾವ ನರಕವೋ ಎಂದುಕೊಳ್ಳುತ್ತಿದ್ದೆ.

ಐದನೆಯ ತಿಂಗಳು ನಿಜವಾದ ಕಾಗದ ಬಂತು. ಜ್ವರ ಬಂದು ಆಸ್ಪತ್ರೆಯಲ್ಲಿದ್ದನಂತೆ. ಅದನ್ನೊಂದು ಮಾತ್ರ ಒಂದಕ್ಷರ ಸೇರಿಸದೆ ಓದಿದೆ.

ಯುದ್ಧ ಮುಗಿದು ಪಾಪಣ್ಣ ಬಂದ. ಬಂದ ಮರುದಿನವೇ ನನ್ನನ್ನು ಮಾವಿನ ತೋಪಿಗೆ ಕರೆದುಕೊಂಡು ಹೋಗಿ, "ಅಯ್ಯವಾರೇ, ಏನೇನ್ ಹೇಳಿಟ್ಟಿದ್ದೀರಾ ನಮ್ಮಮ್ಮಂಗೆ? ರಂಗೋಲಿ ಅಂತಾಳೆ, ವಾಲಿದ ಗೋಪುರ ಅಂತಾಳೆ!" ಎಂದ.

"ನೀನು ಏನೇನು ನೋಡಿದೆಯಪ್ಪ?" ಎಂದೆ ತಲೆ ತಗ್ಗಿಸಿ.

"ಒಂದು ಒಲೆ, ಒಂದು ತಗಡಿನ ಶೆಡ್ಡು. ಊರುಗಳಿದ್ವು, ಮನೆಗಳಿಗೆ ಸೂರು ಇರ್ಲಿಲ್ಲ. ಸಮುದ್ರದ ತುಂಬ ಮುರಿದ ಹಡಗು. ನಾನು ಅನ್ನ ಬಡಿಸೋವಾಗ ಮುದುಕೀರು ಖಾಲಿ ಡಬ್ಬ ಹಿಡ್ಕೊಂಡು ಬೇಲಿ ಆಚೆ ನಿಂತ್ಕೊಳ್ಳೋರು. ಥೇಟ್ ನಮ್ಮಮ್ಮನ ಹಂಗೇ ತಲೆ ಮೇಲೆ ಬಟ್ಟೆ ಹೊದ್ಕೊಂಡು." ಊರ ಕಡೆ ತಿರುಗಿ ನೋಡಿ, "ಇದನ್ನೆಲ್ಲ ಅಮ್ಮಂಗೆ ಹೆಂಗೆ ಹೇಳ್ಲಿ? ನಿಮ್ಮ ಇಟಲೀನೇ ನಂಗೆ ಕಲಿಸಿಕೊಡಿ" ಎಂದ.

ಇಟಲಿಗೆ ಹೋಗಿಬಂದವನಿಗೆ ಇಟಲಿಯ ಪಾಠ ಹೇಳಿದ ಮೇಷ್ಟ್ರು ನಾನೊಬ್ಬನೇ ಇರಬೇಕು. ನೋಟುಪುಸ್ತಕ ಬಿಚ್ಚಿ ನಾಲ್ಕು ದಿನ ಬಾಯಿಪಾಠ ಮಾಡಿಸಿದೆ. ಊರಿನವರ ಮುಂದೆ ಅವನು ಒಪ್ಪಿಸಿದ್ದನ್ನು ಕೇಳಿ ನನಗೇ ಹೊಟ್ಟೆಕಿಚ್ಚಾಯಿತು. ವೆನಿಸ್ಸಿನಲ್ಲಿ ತಾನೇ ದೋಣಿ ನಡೆಸಿದೆನೆಂದು ಪುಸ್ತಕದಲ್ಲಿಲ್ಲದ ಒಂದು ಮಾತನ್ನೂ ಸೇರಿಸಿದ.

ಎಲ್ಲರೂ ಎದ್ದುಹೋದ ಮೇಲೆ ಮುನಿಯಮ್ಮ ನನ್ನ ಹತ್ತಿರ ಬಂದಳು. "ಪರವಾಗಿಲ್ಲ, ಚೆನ್ನಾಗಿ ಕಲಿಸಿದ್ದೀರಾ" ಎಂದಳು.

ನನ್ನ ಮುಖ ಪೆಚ್ಚಾಯಿತು. "ನಿನಗೆ ಗೊತ್ತಿತ್ತಾ?"

"ನಂಗೆ ಓದೋಕೆ ಬರಲ್ಲ ಅಯ್ಯವಾರೇ, ಕಣ್ಣು ಕಾಣಲ್ವಾ? ನಾಲ್ಕು ಗೆರೆ ಮಸಿ ಐತೆ, ಅರ್ಧ ಗಂಟೆ ಓದ್ತೀರಾ. ಆ ನಾಲ್ಕು ತಿಂಗಳಂತೂ ಕಾಗದದ ಮಡಿಕೆ ಸವೆದು ತೂತು ಬಿದ್ದಿತ್ತು. ಹೊಸ ಕಾಗದ ಹಂಗಿರ್ತದಾ?"

"ಮತ್ತೆ ದಿನಾ ಬಂದು ಯಾಕಮ್ಮ ಕೂತ್ಕೊಂಡು ಕೇಳ್ತಿದ್ದೆ?"

"ನಿಮ್ಮ ಮುಖ ನೋಡೋಕಾಗ್ತಿರ್ಲಿಲ್ಲ" ಎಂದಳು ಮುನಿಯಮ್ಮ. "ಬಸ್ಸು ಬಂದ್ರೆ ಸಾಕು, ಗಡಗಡ ನಡುಗ್ತಿದ್ರಿ. ನನ್ನ ಮಗನ ಚಿಂತೇಲಿ ಈ ಬಡಪಾಯಿ ಅಯ್ಯವಾರು ಎಲ್ಲಿ ಹಾಸಿಗೆ ಹಿಡೀತಾರೋ, ಏನೋ ಹೇಳ್ಕೊಂಡು ಸಮಾಧಾನ ಮಾಡ್ಕೊಳ್ಳಲಿ ಅಂತ ಕೂತ್ಕೋತಿದ್ದೆ."