ಬಾಟಲಿ ನೀರಿನ ಎರಡು ಗುಟುಕು

ಕೊಟ್ಟದ್ದನ್ನು ಬೇಡವೆನ್ನುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಎಂದು ಇಪ್ಪತ್ತಾರು ವರ್ಷ ನಂಬಿಕೊಂಡು ಬಂದವನು ನಾನು. ಗದಗಿನ ಕಡೆಯ ನಮ್ಮೂರಿನಲ್ಲಿ ಬೇಡವೆಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನೀವು ‘ಬ್ಯಾಡ್ರಿ’ ಅನ್ನುತ್ತೀರಿ, ಅವರು ‘ಇರ್ಲಿ ತಗೋರಿ’ ಅನ್ನುತ್ತಾರೆ. ಮೂರನೆಯ ಸಲ ‘ಬ್ಯಾಡ್ರಿ’ ಅನ್ನುವಷ್ಟರಲ್ಲಿ ಚಾದ ಕಪ್ಪು ನಿಮ್ಮ ಕೈಯಲ್ಲಿರುತ್ತದೆ. ಹೀಗೆ ಬೇಡ ಬೇಡವೆನ್ನುತ್ತಲೇ ಒಂದು ದಿನ ಹನ್ನೊಂದು ಚಾ ಕುಡಿದು ಹೊಟ್ಟೆ ಹಿಡಿದುಕೊಂಡು ಮಲಗಿದೆ. ಹನ್ನೊಂದು ಎಂಬುದು ಅಂದಾಜಲ್ಲ, ಡೈರಿಯಲ್ಲಿದೆ. ದಿನಕ್ಕೆ ಎರಡೇ ಚಾ, ಮೂರನೆಯದು ಕುಡಿದರೆ ನನ್ನ ಹತ್ತಿರ ಬರಬೇಡ ಎಂದರು ಡಾಕ್ಟರು. ಅಂದಿನಿಂದ ಡೈರಿಯ ಪ್ರತಿ ಪುಟದ ತಲೆಯಲ್ಲಿ ಎರಡು ಸೊನ್ನೆ ಬರೆಯುತ್ತೇನೆ. ಒಂದು ಚಾ ಕುಡಿದರೆ ಒಂದು ಸೊನ್ನೆಗೆ ಶಾಯಿ ತುಂಬುತ್ತೇನೆ. ಎರಡೂ ತುಂಬಿದ ಮೇಲೆ ಸಾಕ್ಷಾತ್ ಶಿಕ್ಷಣ ಮಂತ್ರಿಯೇ ಬಂದು ಕೊಟ್ಟರೂ ಇಲ್ಲ.

ಈ ಸೊನ್ನೆಗಳ ಸಮೇತ ಡಿಸೆಂಬರಿನಲ್ಲಿ ಯಲ್ಲಾಪುರ ತಾಲೂಕಿಗೆ ಮೇಷ್ಟ್ರಾಗಿ ಬಂದೆ. ಅಂಕೋಲೆಯ ಬಸ್ಸಿನಿಂದ ಅರಬೈಲಿನಲ್ಲಿ ಲಾರಿಗಳ ನಡುವೆ ಇಳಿದು, ಕಾಡಿನೊಳಗೆ ಏಳು ಸಾವಿರದ ಚಿಲ್ಲರೆ ಹೆಜ್ಜೆ ನಡೆದರೆ ನಮ್ಮ ಶಾಲೆ. ಐದು ತರಗತಿ, ಹದಿನಾಲ್ಕು ಮಕ್ಕಳು, ಒಬ್ಬ ನಾನು, ಬಿಸಿಯೂಟದ ಪಾರ್ವತಕ್ಕ. ಮೊದಲ ತಿಂಗಳ ಲೆಕ್ಕ ಹೀಗಿದೆ: ಬಸ್ಸು ತಪ್ಪಿದ್ದು ಒಂಬತ್ತು ಸಲ, ಮೊಬೈಲು ರಿಂಗಾದದ್ದು ಎರಡು ಸಲ, ಎರಡೂ ರಾಂಗ್ ನಂಬರು, ಮಂಗ ತರಗತಿಯೊಳಗೆ ಬಂದದ್ದು ನಾಲ್ಕು ಸಲ. ಈ ಕೊನೆಯ ಲೆಕ್ಕವನ್ನು ಒಂದು ದಿನ ಮಕ್ಕಳಿಗೆ ಓದಿ ಹೇಳಿದಾಗ ಐದನೆಯ ತರಗತಿಯ ಸವಿತಾ ಎದ್ದು ನಿಂತು, “ಐದು ಸಲ ಸರ್. ನೀವು ಯಲ್ಲಾಪುರಕ್ಕೆ ಮೀಟಿಂಗಿಗೆ ಹೋದ ದಿನದ್ದು ಬಿಟ್ಟೀರಿ” ಅಂದಳು. ನನ್ನ ಲೆಕ್ಕ ತಿದ್ದಿದವರು ಅದುವರೆಗೆ ಯಾರೂ ಇರಲಿಲ್ಲ. ಈ ಹುಡುಗಿ ಓದಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಆದರೆ ನಮ್ಮ ಶಾಲೆ ಐದಕ್ಕೆ ಮುಗಿಯುತ್ತದೆ. ಆರನೆಯ ತರಗತಿಗೆ ಯಲ್ಲಾಪುರಕ್ಕೆ ಹೋಗಿ ಹಾಸ್ಟೆಲಿನಲ್ಲಿ ಇರಬೇಕು, ಅದಕ್ಕೆ ಮೇ ತಿಂಗಳೊಳಗೆ ಅರ್ಜಿ ಹಾಕಬೇಕು, ಅರ್ಜಿಗೆ ಮನೆಯವರ ಒಪ್ಪಿಗೆ ಬೇಕು. ಸವಿತಾಳ ಅಪ್ಪ ಅಮ್ಮ ಘಟ್ಟದ ಕೆಳಗೆ ಕೆಲಸಕ್ಕಿದ್ದರು. ಮನೆಯಲ್ಲಿ ಮಾತು ನಡೆಯುವುದು ಅವಳ ಅಜ್ಜಿ ಗಣಪಿಯದು.

ಮಾರ್ಚಿನ ಮೊದಲ ಭಾನುವಾರ ಮನೆ ಭೇಟಿಗೆ ಹೊರಟೆ. ದಾರಿ ತೋರಿಸಲು ಸವಿತಾ ಮುಂದೆ. ಹೆಗಲಲ್ಲಿ ನಮ್ಮವ್ವ ಕೊಟ್ಟ ನೀರಿನ ಸ್ಟೀಲ್ ಬಾಟಲಿ. ಕಂಡಲ್ಲಿ ನೀರು ಕುಡಿಯಬಾರದು ಎಂಬುದು ಅವಳ ಕಾನೂನು. ಅವತ್ತಿನ ಎರಡೂ ಸೊನ್ನೆ ಬೆಳಿಗ್ಗೆಯೇ ತುಂಬಿಹೋಗಿದ್ದವು. ಮೊದಲು ಸಿಕ್ಕಿದ್ದು ತೋಟದ ಭಟ್ಟರ ಮನೆ. ಇಲ್ಲಿ ಮನೆಗೆ ಬಂದವರನ್ನು ಮೊದಲು ಕೇಳುವುದು ಬಂದ ಕಾರಣವನ್ನಲ್ಲ, ಕುಡಿಯಲು, ಇವರ ಮಾತಿನಲ್ಲಿ ಆಸ್ರಿಗೆ, ಏನು ಬೇಕು ಎಂದು. “ಆಸ್ರಿಗೆ ಎಂತ ಅಡ್ಡಿಲ್ಲ ಮಾಸ್ತರ್ರೆ, ಕಷಾಯ ಆಗ್ತಾ?” ಎಂದು ಅಲ್ಲಿನ ಅಮ್ಮ ಕೇಳಿದರು. ನಾನು ಒಂದು ಕ್ಷಣ ಯೋಚಿಸಿದೆ. ಕಷಾಯ ಚಾ ಅಲ್ಲ. ಅದಕ್ಕೆ ಸೊನ್ನೆ ಇಲ್ಲ. ಒಂದು ಲೋಟ ಕುಡಿದೆ, ಚೆನ್ನಾಗಿತ್ತೆಂದು ಇನ್ನರ್ಧ ಲೋಟ ಹಾಕಿಸಿಕೊಂಡೆ. ಸವಿತಾ ಜಗಲಿಯ ತುದಿಯಲ್ಲಿ ತನ್ನ ಲೋಟ ಹಿಡಿದು ಕೂತು ಎಲ್ಲವನ್ನೂ ನೋಡಿದಳು.

ಅಲ್ಲಿಂದ ಗಣಪಿ ಅಜ್ಜಿಯ ಮನೆ. ನಾನು ಬರುತ್ತೇನೆಂದು ಅಂಗಳಕ್ಕೆ ಹೊಸದಾಗಿ ಸಗಣಿ ಸಾರಿಸಿದ್ದರು. ನನಗಾಗಿ ಪಕ್ಕದ ಮನೆಯಿಂದ ತಂದ ಪ್ಲಾಸ್ಟಿಕ್ ಕುರ್ಚಿ ಇತ್ತು. ಬೆಳಗಿನ ಹಾಲನ್ನು ಯಾರಿಗೂ ಕೊಡದೆ ತೆಗೆದಿಟ್ಟಿದ್ದರೆಂಬುದು ನನಗೆ ಗೊತ್ತಾದದ್ದು ಆಮೇಲೆ. “ಕೂತ್ಕಣಿ ಮಾಸ್ತರ್ರೆ, ಚಾ ಇಡ್ತೆ” ಅಂದರು ಅಜ್ಜಿ. “ಬ್ಯಾಡ್ರಿ ಅಜ್ಜಿ” ಅಂದೆ. ಅಂದು ಅಭ್ಯಾಸದಂತೆ ‘ಇರ್ಲಿ ತಗೋರಿ’ಗಾಗಿ ಕಾದೆ, ಎರಡನೆಯ, ಮೂರನೆಯ ‘ಬ್ಯಾಡ್ರಿ’ಗಳನ್ನೂ ಗಟ್ಟಿ ಮಾಡಿಕೊಂಡೇ ಕಾದೆ. ಅಜ್ಜಿ ‘ಹೌದಾ’ ಅಂದು ಪಾತ್ರೆ ಕೆಳಗಿಟ್ಟರು. ಸ್ವಲ್ಪ ಹೊತ್ತು ಬಿಟ್ಟು, ನೀರಾದರೂ ಬೇಕಾ ಎಂದು ಕೇಳಿದರು. ನನ್ನ ಹತ್ತಿರ ಐತ್ರಿ ಎಂದು ಬಾಟಲಿ ಎತ್ತಿ ತೋರಿಸಿದೆ. ತೋರಿಸಿ ಸುಮ್ಮನಿರಬಾರದೇ? ಅವರ ಎದುರಿಗೇ, ಅವರ ಕುರ್ಚಿಯಲ್ಲಿ ಕೂತು, ಎರಡು ಗುಟುಕು ಕುಡಿದು ಬಾಯಿ ಒರೆಸಿಕೊಂಡೆ. ಆಮೇಲೆ ಅರ್ಜಿ ಮುಂದೆ ಹಿಡಿದೆ. ಅಜ್ಜಿ ಅದನ್ನು ಮುಟ್ಟಲಿಲ್ಲ. ‘ನೋಡುವ’ ಅಂದರು.

ಅವತ್ತಿನ ಡೈರಿಯಲ್ಲಿ ಹೀಗಿದೆ: ‘ಭೇಟಿ 2. ಚಾ ನಿರಾಕರಣೆ 1. ಮನೋಬಲ ಉತ್ತಮ.’ ‘ಉತ್ತಮ’ದ ಕೆಳಗೆ ಗೆರೆ ಎಳೆದಿದ್ದೇನೆ. ಸ್ಕೇಲ್ ಇಟ್ಟು ಎಳೆದ ಗೆರೆ.

ಮೇ ಕೊನೆಯೊಳಗೆ ಇನ್ನೂ ನಾಲ್ಕು ಸಲ ಹೋದೆ. ಹಾಸ್ಟೆಲಿನಲ್ಲಿ ಎಷ್ಟು ಮಂಚ, ಎಷ್ಟು ಹೊತ್ತಿಗೆ ಊಟ, ಊರಿಗೆ ಬರಲು ವರ್ಷಕ್ಕೆ ಎಷ್ಟು ದಿನ ರಜೆ, ಎಲ್ಲವನ್ನೂ ಪಟ್ಟಿ ಮಾಡಿ ಓದಿದೆ. ನಾಲ್ಕು ಸಲವೂ ‘ನೋಡುವ’. ನಾಲ್ಕು ಸಲವೂ ಚಾ ಬೇಕಾ ಎಂದು ಅಜ್ಜಿ ಕೇಳಲಿಲ್ಲ. ನನ್ನ ಹೊಟ್ಟೆಯ ಕಷ್ಟ ಇವರಿಗೆ ಹೇಗೋ ಅರ್ಥವಾಗಿದೆ ಎಂದು ನಾನು ಸಮಾಧಾನಪಟ್ಟುಕೊಂಡೆ. ಕಡೆಯ ದಿನ ಕಳೆಯಿತು. ಅರ್ಜಿ ನನ್ನ ಚೀಲದಲ್ಲೇ ಉಳಿಯಿತು.

ಜೂನಿನಲ್ಲಿ ಶಾಲೆ ಶುರುವಾದ ಮೂರನೆಯ ದಿನ, ಪಾರ್ವತಕ್ಕ ಬೇಳೆ ತೊಳೆಯುತ್ತಾ ನನ್ನ ಕಡೆ ನೋಡದೆಯೇ, “ಮಾಸ್ತರ್ರೆ, ನಿಮ್ಮ ಬಾಟ್ಲಿ ನೀರು ಅಷ್ಟು ರುಚಿಯಾ?” ಅಂದಳು. ನನಗೆ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಭಟ್ಟರ ಮನೆಯಲ್ಲಿ ಒಂದೂವರೆ ಲೋಟ ಇಳಿಸಿದ ಮಾಸ್ತರರು ಗಣಪಿಯ ಮನೆಯಲ್ಲಿ ನೀರೂ ಮುಟ್ಟಲಿಲ್ಲ ಎಂಬುದು ಮಾರ್ಚಿನಿಂದ ಇಡೀ ಊರಿಗೆ ಗೊತ್ತು. ಒಂದೂವರೆ ಎಂಬ ಲೆಕ್ಕವನ್ನು ಕೊಟ್ಟವಳು ಸವಿತಾ. ಚಾಡಿಯಾಗಿ ಅಲ್ಲ, ಅಜ್ಜಿ ಕೇಳಿದ್ದಕ್ಕೆ ಸರಿಯಾದ ಉತ್ತರವಾಗಿ. “ಗಣಪಜ್ಜಿ ಎಂತ ಹೇಳ್ತು ಗೊತ್ತಾ? ನಮ್ಮನೆ ನೀರು ಕುಡೀದಿದ್ದವ್ರ ಮಾತು ಕೇಳಿ ಕೂಸನ್ನ ಯಾರ್ಯಾರದೋ ಪಂಕ್ತೀಲಿ ಕೂರ್ಸೂದು ಹೆಂಗೆ, ಅಲ್ಲಿ ಅದಕ್ಕೆ ಮರ್ಯಾದೆ ಸಿಕ್ತದಾ ಅಂತು.”

ನಾನು ಹೊಟ್ಟೆ, ಡಾಕ್ಟರು, ಸೊನ್ನೆ ಎಂದೆಲ್ಲ ಹೇಳಲು ಹೋದೆ. ಪಾರ್ವತಕ್ಕ ಬೇಳೆಯ ನೀರು ಚೆಲ್ಲಿದಳು. ಅದನ್ನು ನನಗೆ ಹೇಳಿ ಏನು ಪ್ರಯೋಜನ ಎಂಬಂತಿತ್ತು.

ಮರುದಿನ ಶಾಲೆ ಬಿಟ್ಟ ಮೇಲೆ ಅಜ್ಜಿಯ ಮನೆಗೆ ಹೋದೆ. ಮಾತ್ರೆಯ ಹಾಳೆಯನ್ನು ಸಾಕ್ಷಿಗೆ ತೋರಿಸಿದೆ. ಡೈರಿಯ ಹಳೆಯ ಪುಟ ತೆರೆದು ತುಂಬಿದ ಸೊನ್ನೆಗಳನ್ನೂ ತೋರಿಸಿದೆ. ಕಷಾಯ ಯಾಕೆ ಲೆಕ್ಕಕ್ಕಿಲ್ಲ ಎಂದು ವಿವರಿಸುವಾಗ ನನ್ನ ಮಾತು ನನಗೇ ಸುಳ್ಳಿನಂತೆ ಕೇಳಿಸಿತು. ಅಜ್ಜಿ ಎಲ್ಲವನ್ನೂ ಕೇಳಿ, ಹೊಟ್ಟೆ ಜೋಪಾನ ಎಂದರು. ಬರುವ ವರ್ಷಕ್ಕಾದರೂ ಕಳಿಸಿ ಎಂದೆ. ‘ನೋಡುವ’ ಅಂದರು. ಅವತ್ತು ನಾನು ಬೆಳಗಿನಿಂದ ಒಂದೂ ಚಾ ಕುಡಿಯದೆ, ಎರಡೂ ಸೊನ್ನೆ ಖಾಲಿ ಇಟ್ಟುಕೊಂಡು ಬಂದಿದ್ದೆ. ಜೀವನದಲ್ಲಿ ಮೊದಲ ಸಲ ನಾನಾಗಿ ಕೇಳಿದೆ, “ಅಜ್ಜಿ, ಒಂದು ಚಾ ಕೊಡ್ತೀರೇನ್ರಿ?”

ಅಜ್ಜಿ ಒಳಗೆ ಹೋಗಲಿಲ್ಲ. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕುಹಕವೂ ಇರಲಿಲ್ಲ. “ಹಾಲಿಲ್ಲ ಮಾಸ್ತರ್ರೆ ಇವತ್ತು. ನೀರು ತಂದೀರಲ್ಲ, ಕುಡೀರಿ” ಅಂದರು. ಅವರ ಬೆನ್ನ ಹಿಂದೆ ಸವಿತಾ ಕೊಟ್ಟಿಗೆಯಿಂದ ಹಾಲಿನ ಚೊಂಬು ಹಿಡಿದು ಬಂದವಳು, ನನ್ನನ್ನು ಕಂಡು ಅಲ್ಲೇ ನಿಂತಳು.

ಸವಿತಾ ಈಗ ಮಧ್ಯಾಹ್ನದ ಮೇಲೆ ಒಮ್ಮೊಮ್ಮೆ ಶಾಲೆಗೆ ಬಂದು ಹಿಂದೆ ಕೂರುತ್ತಾಳೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಮಂಗ ಬಂದದ್ದಕ್ಕೂ ಲೆಕ್ಕ ಇಟ್ಟ ನನಗೆ ಅವಳನ್ನು ಎಲ್ಲಿ ಬರೆದುಕೊಳ್ಳಬೇಕೋ ತಿಳಿದಿಲ್ಲ.

ಅಜ್ಜಿ ಹಾಲಿಲ್ಲವೆಂದ ದಿನದ ಪುಟದಲ್ಲಿ ಇಷ್ಟೇ ಇದೆ: ‘ನೀರು, ಸ್ವಂತದ್ದು, ಎರಡು ಗುಟುಕು. ಚಾ ಇಲ್ಲ.’ ಮೇಲೆ ಎರಡು ಸೊನ್ನೆಗಳು ಹಾಗೇ ಖಾಲಿ. ಡಾಕ್ಟರು ನೋಡಿದರೆ ಮೆಚ್ಚುತ್ತಿದ್ದರು.